ವ್ಯವಹಾರ ದಾಖಲೆಗಳ ಮುಕ್ತ ಮಾನಕಗಳು: ಚರಿತ್ರೆ

ಒಂದು ಸಂಸ್ಥೆಯ ಕಂಪ್ಯೂಟರಿನಿಂದ ಹೊರಟ ಖರೀದಿ ಆದೇಶವನ್ನೋ ಬಿಲ್ಲನ್ನೋ ಇನ್ನೊಂದು ಸಂಸ್ಥೆಯ ಕಂಪ್ಯೂಟರ್ ನೇರವಾಗಿ ಓದಿಕೊಳ್ಳಬೇಕು, ನಡುವೆ ಯಾರೂ ಅದನ್ನು ಮತ್ತೆ ಟೈಪು ಮಾಡಬಾರದು. ಇದಕ್ಕಾಗಿ ಎಲ್ಲರಿಗೂ ಸಿಗುವಂತೆ ಪ್ರಕಟವಾದ ನಿಯಮಗಳೇ ಮುಕ್ತ ದತ್ತಾಂಶ ಮಾನಕಗಳು. ಇವುಗಳ ಚರಿತ್ರೆಯನ್ನು ಟೆಲೆಕ್ಸ್, ಇಡಿಐ (ವಿದ್ಯುನ್ಮಾನ ದತ್ತಾಂಶ ವಿನಿಮಯ), ಎಕ್ಸ್‌ಎಂಎಲ್, ಜೇಸನ್ ಎಂಬ ಮೆಟ್ಟಿಲುಗಳಾಗಿ ಹೇಳುವ ವಾಡಿಕೆಯಿದೆ. ಆದರೆ ದತ್ತಾಂಶ ಬರೆಯುವ ಲಿಪಿ ಬದಲಾದಷ್ಟು ಸಲೀಸಾಗಿ ತೊಡಕು ಬಗೆಹರಿಯಲಿಲ್ಲ. ಒಂದು ಪದಕ್ಕೆ ಎರಡೂ ಕಡೆ ಒಂದೇ ಅರ್ಥ ಇರಬೇಕು. ಆ ಒಮ್ಮತಕ್ಕೆ ತಗಲುವ ಖರ್ಚನ್ನು ಯಾರಾದರೂ ಹೊರಬೇಕು. ನಿಜವಾದ ಜಗ್ಗಾಟ ನಡೆದದ್ದು ಈ ಎರಡರ ಸುತ್ತ.

1948–49ರಲ್ಲಿ ಬರ್ಲಿನ್ ನಗರಕ್ಕೆ ವಿಮಾನಗಳಲ್ಲಿ ಆಹಾರ, ಕಲ್ಲಿದ್ದಲು ಸಾಗಿಸುವಾಗ ಸರಕುಪಟ್ಟಿಗಳು ಒಂದೊಂದು ನಮೂನೆಯಲ್ಲಿ ಬರುತ್ತಿದ್ದವು. ಅಮೆರಿಕದ ಸೈನ್ಯದಲ್ಲಿದ್ದ ಎಡ್ವರ್ಡ್ ಗಿಲ್ಬರ್ಟ್ ಅವನ್ನು ಟೆಲೆಕ್ಸಿನಲ್ಲೂ ದೂರವಾಣಿಯಲ್ಲೂ ಕಳಿಸಬಹುದಾದ ಒಂದೇ ಅಚ್ಚಿಗೆ ತಂದ. ಅವನದೇ ಮುಂದಾಳತ್ವದ ಸಾರಿಗೆ ದತ್ತಾಂಶ ಸಮಿತಿ 1975ರಲ್ಲಿ ಮೊದಲ ನಿಯಮಗಳನ್ನು ಪ್ರಕಟಿಸಿತು. 1979ರಲ್ಲಿ ಇಡಿಐ ಮಾನಕ ರೂಪಿಸುವ ಅಮೆರಿಕದ ಎಕ್ಸ್12 ಸಮಿತಿ, 1987ರಲ್ಲಿ ವಿಶ್ವಸಂಸ್ಥೆಯ ಆಶ್ರಯದ ಎಡಿಫ್ಯಾಕ್ಟ್ ಮಾನಕ ಬಂದವು. ಎಡಿಫ್ಯಾಕ್ಟ್ ಸಂದೇಶದ ಒಂದು ಸಾಲನ್ನು ನೋಡಬೇಕು: ‘ಕ್ಯೂಟಿವೈ+21:48’. 48 ಎಂಬುದು ಪ್ರಮಾಣ. 21 ಎಂದರೆ ಕೊಳ್ಳುವವನು ಕೇಳಿದ್ದು. ಅದೇ ಜಾಗದಲ್ಲಿ 12 ಇದ್ದರೆ ಕಳಿಸಿದ್ದು, 47 ಇದ್ದರೆ ಬಿಲ್ಲು ಮಾಡಿದ್ದು. ಕೇಳಿದ್ದು, ಕಳಿಸಿದ್ದು, ಬಿಲ್ಲು ಮಾಡಿದ್ದು ಬೇರೆ ಬೇರೆ ಎಂಬುದು ಅಂಗಡಿಯವನಿಗೆ ಹೇಳದೆಯೇ ಗೊತ್ತು. ಯಂತ್ರಕ್ಕೆ ಅಂಕಿ ಕೊಟ್ಟು ಹೇಳಬೇಕಾಯಿತು.

ನಿಯಮ ಬಹಿರಂಗವಾಗಿದ್ದರೂ ದಾರಿಗೆ ಸುಂಕವಿತ್ತು. ಸಂದೇಶ ಸಾಗಿಸುವ ಖಾಸಗಿ ಜಾಲಗಳು ಅಕ್ಷರಗಳನ್ನು ಸಾವಿರದ ಲೆಕ್ಕದಲ್ಲಿ ಎಣಿಸಿ ಹಣ ಪಡೆಯುತ್ತಿದ್ದವು. ಸಾಲದೆಂಬಂತೆ ಪ್ರತಿ ದೊಡ್ಡ ಖರೀದಿದಾರನೂ ತನ್ನದೇ ಬಳಕೆಯ ಕೈಪಿಡಿ ಹೊರಡಿಸುತ್ತಿದ್ದ. ಸಣ್ಣ ಪೂರೈಕೆದಾರ ಬಂದ ಆದೇಶವನ್ನು ಮುದ್ರಿಸಿ, ಕಾಗದ ನೋಡಿಕೊಂಡು ತನ್ನ ಕಂಪ್ಯೂಟರಿಗೆ ಮತ್ತೆ ಟೈಪು ಮಾಡುತ್ತಿದ್ದ. ತಪ್ಪಿಸಬೇಕಾಗಿದ್ದ ಕೆಲಸವೇ ಅವನ ಪಾಲಿಗೆ ಉಳಿಯಿತು.

1998ರಲ್ಲಿ ಎಕ್ಸ್‌ಎಂಎಲ್ ಎಂಬ ಗುರುತು ಭಾಷೆ ಬಂದಾಗ ಇದೆಲ್ಲ ಮುಗಿಯಿತೆಂದು ಹಲವರು ನಂಬಿದರು. ಅದು ಅವಸರದ ನಂಬಿಕೆ. ಎಕ್ಸ್‌ಎಂಎಲ್ ಪದಗಳಿಗೆ ಆವರಣ ಕೊಟ್ಟಿತೇ ಹೊರತು ಅರ್ಥ ಕೊಡಲಿಲ್ಲ. ಆ ಕೊರತೆ ತುಂಬಲು ಜಾನ್ ಬೊಸಾಕ್ ನೇತೃತ್ವದಲ್ಲಿ ಓಯಸಿಸ್ ಸಂಸ್ಥೆ ರೂಪಿಸಿದ ಯುಬಿಎಲ್ ಎಂಬ ಮಾನಕ 2004ರಲ್ಲಿ ಎಂಟು ಬಗೆಯ ದಾಖಲೆಗಳಿಂದ ಶುರುವಾಗಿ 2013ರ ಹೊತ್ತಿಗೆ 65ಕ್ಕೆ ಬೆಳೆಯಿತು. ಬಳಸಲು ಶುಲ್ಕವಿಲ್ಲ.

ಉಚಿತವಾಗಿದ್ದರಿಂದ ಅದು ಹರಡಿತೇ? ಇಲ್ಲ, ಸರ್ಕಾರಗಳು ಕಡ್ಡಾಯ ಮಾಡಿದ್ದರಿಂದ ಹರಡಿತು ಎಂಬ ಆಕ್ಷೇಪದಲ್ಲಿ ಹುರುಳಿದೆ. ಡೆನ್ಮಾರ್ಕಿನ ಸರ್ಕಾರಿ ಕಚೇರಿಗಳು 2005ರ ಫೆಬ್ರುವರಿ 1ರಿಂದ ಪೂರೈಕೆದಾರರ ಬಿಲ್ಲನ್ನು ವಿದ್ಯುನ್ಮಾನ ರೂಪದಲ್ಲೇ ಕೇಳಿದವು. ಅದರ ನಮೂನೆ ಯುಬಿಎಲ್‌ನ ಕರಡೊಂದರಿಂದ ಬಂದದ್ದು. ಆದರೆ ಖಾಸಗಿ ಒಡೆತನದ ನಮೂನೆಯನ್ನು ಕಡ್ಡಾಯ ಮಾಡಿದ್ದರೆ ಪ್ರತಿ ಪೂರೈಕೆದಾರನೂ ಒಂದೇ ಕಂಪನಿಗೆ ಕಪ್ಪ ಕಟ್ಟಬೇಕಾಗುತ್ತಿತ್ತು. ಮಾನಕ ಮುಕ್ತವಾಗಿದ್ದರಿಂದಲೇ ಆ ಆಜ್ಞೆ ಸಣ್ಣವರಿಗೆ ನುಂಗಲಾರದ ತುತ್ತಾಗಲಿಲ್ಲ. ಪಿಡಿಎಫ್ ಸಾಕಲ್ಲ ಎನ್ನುವವರೂ ಇದ್ದಾರೆ. ಪಿಡಿಎಫ್ ಕಣ್ಣಿಗೆ ಬಿಲ್ಲು, ಲೆಕ್ಕದ ತಂತ್ರಾಂಶಕ್ಕೆ ಬಹುಮಟ್ಟಿಗೆ ಚಿತ್ರ. ಯುರೋಪಿನ 2014ರ ನಿರ್ದೇಶನದ ಮೇರೆಗೆ 2017ರಲ್ಲಿ ಬಂದ ಇಎನ್ 16931 ಮಾನಕವಂತೂ ಲಿಪಿಯ ಜಗಳವನ್ನೇ ಬದಿಗಿಟ್ಟಿತು. ಬಿಲ್ಲಿನ ಅಂಶಗಳ ಅರ್ಥವನ್ನು ಗೊತ್ತುಮಾಡಿ, ಬರೆಯಲು ಎರಡು ರೂಪಗಳನ್ನು ಒಪ್ಪಿಕೊಂಡಿತು.

ಭಾರತದಲ್ಲಿ ಜಿಎಸ್‌ಟಿಯ ಇ-ಇನ್‌ವಾಯ್ಸ್ 2020ರ ಅಕ್ಟೋಬರ್ 1ರಂದು ರೂ. 500 ಕೋಟಿಗೂ ಮಿಕ್ಕಿದ ವಹಿವಾಟಿನವರಿಂದ ಆರಂಭವಾಗಿ, 2023ರ ಆಗಸ್ಟ್ 1ಕ್ಕೆ ರೂ. 5 ಕೋಟಿ ದಾಟಿದವರವರೆಗೆ ಇಳಿಯಿತು. ಜೇಸನ್ ಎಂಬ ದತ್ತಾಂಶ ರೂಪದಲ್ಲಿರುವ ಬಿಲ್ಲಿಗೆ 64 ಅಕ್ಷರಗಳ ಗುರುತು ಸಂಖ್ಯೆ ಸಿಗುತ್ತದೆ. ಆ ಬಿಲ್ಲಿನಲ್ಲಿ ಕಿಲೋಗ್ರಾಮಿನ ಸಂಕೇತ ‘ಕೆಜಿಎಸ್’. ವಿಶ್ವಸಂಸ್ಥೆಯ ಪಟ್ಟಿಯಲ್ಲಿ ‘ಕೆಜಿಎಂ’. ಚಿಕ್ಕಮಗಳೂರಿನ ಕಾಫಿಯನ್ನು ಯುರೋಪಿಗೆ ಕಳಿಸುವ ರಫ್ತುದಾರ, ಅಲ್ಲಿನ ಖರೀದಿದಾರ ಯುಬಿಎಲ್ ಬಿಲ್ಲು ಕೇಳಿದರೆ, ಒಂದೇ ಚೀಲದ ತೂಕವನ್ನು ಎರಡು ಹೆಸರಲ್ಲಿ ಬರೆಯಬೇಕು.