ವುಝೂವಿನ ಕಲ್ಲು: ಹೌಝಿನಿಂದ ಮನೆಯ ಬೇಸಿನ್ನಿನವರೆಗೆ

ಶುಚಿತ್ವವಿಲ್ಲದೆ ನಮಾಝ್ ಸಿಂಧುವಾಗದು. ಆದುದರಿಂದಲೇ ಇಸ್ಲಾಮೀ ಕರ್ಮಶಾಸ್ತ್ರದ ಗ್ರಂಥಗಳು ಸಾಮಾನ್ಯವಾಗಿ ತಹಾರತ್‌ನ ಅಧ್ಯಾಯದಿಂದ ಆರಂಭವಾಗುತ್ತವೆ. ನೀರಿನ ಬಗ್ಗೆ ಮಾತ್ರವಲ್ಲದೆ, ನೀರನ್ನು ಹಿಡಿದಿಡುವ ಪಾತ್ರೆಯ ಬಗ್ಗೆಯೂ ನಮ್ಮ ವಿದ್ವಾಂಸರು ಗಂಭೀರವಾಗಿ ಚರ್ಚಿಸಿದ್ದಾರೆ. ಇಮಾಮ್ ಬುಖಾರಿ(ರಹ) ತಮ್ಮ ಹದೀಸ್ ಸಂಗ್ರಹದಲ್ಲಿ ಮರದ ಮತ್ತು ಕಲ್ಲಿನ ಪಾತ್ರೆಗಳಿಂದ ವುಝೂ ಮಾಡುವುದಕ್ಕೆಂದೇ ಒಂದು ಶೀರ್ಷಿಕೆಯನ್ನು ಮೀಸಲಿಟ್ಟಿದ್ದಾರೆ. ಅಲ್ಲಿ ಹಝ್ರತ್ ಅನಸ್(ರ) ವರದಿ ಮಾಡಿದ ಘಟನೆಯೊಂದಿದೆ. ನಮಾಝಿನ ವೇಳೆಯಾದಾಗ ಮನೆ ಸಮೀಪವಿದ್ದವರು ಮನೆಗೆ ತೆರಳಿದರು. ಉಳಿದವರಿಗಾಗಿ ಪ್ರವಾದಿವರ್ಯರ(ಸ) ಬಳಿಗೆ ಕಲ್ಲಿನ ಚಿಕ್ಕ ಪಾತ್ರೆಯೊಂದರಲ್ಲಿ ನೀರು ತರಲಾಯಿತು. ಅಂಗೈ ಚಾಚಲೂ ಸಾಲದಷ್ಟು ಕಿರಿದಾಗಿದ್ದ ಆ ಪಾತ್ರೆಯ ನೀರಿನಿಂದ ಎಂಬತ್ತಕ್ಕೂ ಹೆಚ್ಚು ಮಂದಿ ವುಝೂ ಮಾಡಿದರು.

ಪ್ರವಾದಿವರ್ಯರು(ಸ) ಒಂದು ಮುದ್ದ್, ಅಂದರೆ ಸುಮಾರು ಮುಕ್ಕಾಲು ಲೀಟರು ನೀರಿನಲ್ಲಿ ವುಝೂ ಪೂರೈಸುತ್ತಿದ್ದರೆಂಬುದು ಸಹೀಹ್ ಹದೀಸುಗಳಿಂದ ತಿಳಿದುಬರುತ್ತದೆ. ಆದರೆ ಒಂದು ಇಡೀ ಊರಿನ ಜನ ಒಂದೇ ಕಡೆ ವುಝೂ ಮಾಡಬೇಕಾದಾಗ ದೊಡ್ಡ ಜಲಾಶಯ ಬೇಕಾಯಿತು. ಶಾಫಿಈ ಮದ್ಹಬಿನ ಪ್ರಕಾರ ನೀರು ಎರಡು ಕುಲ್ಲಃದಷ್ಟು, ಎಂದರೆ ಸುಮಾರು ಇನ್ನೂರು ಲೀಟರಿನಷ್ಟಿದ್ದರೆ, ಬಣ್ಣ, ರುಚಿ ಅಥವಾ ವಾಸನೆ ಕೆಡದ ಹೊರತು ಅದು ಅಶುದ್ಧವಾಗದು. ಹನಫೀ ವಿದ್ವಾಂಸರು ಹತ್ತು ಮೊಳ ಉದ್ದ, ಹತ್ತು ಮೊಳ ಅಗಲದ ಕೊಳವನ್ನು ಅಳತೆಯಾಗಿ ಇಟ್ಟುಕೊಂಡರು. ಮಸೀದಿಗಳ ಅಂಗಳದಲ್ಲಿ ಕಾಣುವ ವಿಶಾಲ ಹೌಝ್‌ಗಳ ಹಿಂದೆ ಈ ಲೆಕ್ಕಾಚಾರವಿದೆ.

ನಮ್ಮ ಕರಾವಳಿಗೆ ಈ ಪರಂಪರೆ ಬಹಳ ಹಿಂದೆಯೇ ತಲುಪಿದೆ. 14ನೆಯ ಶತಮಾನದ 40ರ ದಶಕದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ, ಅಲ್ಲಿಯ ಜನ ಶಾಫಿಈ ಮದ್ಹಬಿನವರೆಂದೂ, ಊರಿನಲ್ಲಿ ಬಾಲಕಿಯರಿಗೆ 13 ಮತ್ತು ಬಾಲಕರಿಗೆ 23 ಪಾಠಶಾಲೆಗಳಿವೆಯೆಂದೂ ದಾಖಲಿಸಿದ್ದಾನೆ. ಮುಂದೆ ಬಿಜಾಪುರದ ಆದಿಲ್‌ಶಾಹಿಗಳ ಆಳ್ವಿಕೆ ಕಾರವಾರದ ತೀರದವರೆಗೂ ಚಾಚಿಕೊಂಡಿತು. ಘಟ್ಟದ ಮೇಲಿನ ದಖ್ಖನೀ ಮುಸ್ಲಿಮರಲ್ಲಿ ಹನಫೀ ಪದ್ಧತಿಯೇ ಪ್ರಬಲವಾಗಿತ್ತು. ಹೀಗೆ ಎರಡೂ ಅಳತೆಗಳು ನಮ್ಮ ಜಿಲ್ಲೆಗೆ ಪರಿಚಿತವಾದವು.

ಇಲ್ಲಿ ಕಟ್ಟಡಕ್ಕೆ ದೊರೆತದ್ದು ಚಿರೇಕಲ್ಲು. ಕುಮಟಾ ಬಳಿಯ ಮಿರ್ಜಾನ್ ಕೋಟೆ ಈ ಕಲ್ಲಿನದೇ. 1801ರಲ್ಲಿ ಅಂಕೋಲಾ, ಸದಾಶಿವಗಡಗಳ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ಮಲಬಾರಿನಲ್ಲಿ ಈ ಕಲ್ಲನ್ನು ಕಂಡು ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಲ್ಯಾಟರೈಟ್ ಎಂಬ ಹೆಸರಿಟ್ಟನು. ನೆಲದಿಂದ ಕಡಿದು ತೆಗೆಯುವಾಗ ಮೃದುವಾಗಿರುವ ಇದು ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಆದರೆ ಇದರ ಮೈತುಂಬ ರಂಧ್ರಗಳಿರುವುದರಿಂದ ನೀರು ನಿಲ್ಲಬೇಕಾದರೆ ಒಳಮೈಗೆ ಗಾರೆ ಬೇಕು. ನದೀಮುಖಗಳಲ್ಲಿ ಸಿಗುವ ಚಿಪ್ಪುಗಳನ್ನು ಸುಟ್ಟು ಮಾಡಿದ ಸುಣ್ಣ ಕರಾವಳಿಯಲ್ಲಿ ಇದಕ್ಕೆ ಒದಗಿತು. ಮನೆಗಳ ಬಚ್ಚಲಿನಲ್ಲಿ ಒಂದೇ ಬಂಡೆಯನ್ನು ಕೊರೆದು ಮಾಡಿದ ಕಲ್ಲುಮರಿಗೆಯೂ ಇರುತ್ತಿತ್ತು.

ಕಾಲಕ್ರಮೇಣ ನಲ್ಲಿ ಬಂದಿತು. ಅರಬಿಯಲ್ಲಿ ನಲ್ಲಿಗೆ ‘ಹನಫಿಯ್ಯಾ’ ಎನ್ನುತ್ತಾರೆ. ಹರಿಯುವ ನೀರಿನ ವುಝೂವನ್ನು ಮೆಚ್ಚಿದ ಹನಫೀ ಮದ್ಹಬಿನಿಂದಲೇ ಈ ಹೆಸರು ಬಂದುದೆಂದು ಹೇಳಲಾಗುತ್ತದೆ. ಇಂದು ನಮ್ಮ ಮನೆಗಳಲ್ಲಿ ಅಮೃತಶಿಲೆ, ಕಡಪಾ ಕಲ್ಲು, ಗ್ರಾನೈಟ್‌ಗಳ ಬೇಸಿನ್‌ಗಳಿವೆ. ರೂಪ ಬದಲಾದರೂ ಕಲ್ಲಿನ ಗುಣ ಬದಲಾಗಿಲ್ಲ. ಚಿಪ್ಪುಸುಣ್ಣದ ಗಾರೆ, ಅಮೃತಶಿಲೆ, ಕಡಪಾ, ಶಹಾಬಾದ್ ಕಲ್ಲು ಇವೆಲ್ಲವೂ ಮೂಲತಃ ಸುಣ್ಣದ ಅಂಶದವು. ಆಮ್ಲ ತಾಗಿದೊಡನೆ ನೊರೆಯೆದ್ದು ಅವುಗಳ ಮೈ ಕರಗುತ್ತದೆ.

ರಮಝಾನಿಗೆ ಮುನ್ನ ಮನೆ, ಮಸೀದಿಗಳನ್ನು ತೊಳೆಯುವಾಗ ಆಸಿಡ್ ಬಾಟಲಿಗೆ ಕೈಚಾಚುವ ರೂಢಿ ನಮ್ಮಲ್ಲಿದೆ. ಕಲೆ ಹೋದಂತೆ ಕಂಡರೂ ಹೊಳಪು ಅಳಿದು ಮೈ ಒರಟಾಗುತ್ತದೆ; ಒರಟು ಮೈಯಲ್ಲಿ ಕೊಳೆ ಮತ್ತಷ್ಟು ಬೇಗ ನಿಲ್ಲುತ್ತದೆ; ಅದನ್ನು ತೆಗೆಯಲು ಮರುವರ್ಷ ಇನ್ನಷ್ಟು ಆಸಿಡ್ ಬೇಕಾಗುತ್ತದೆ. ಹಿತ್ತಾಳೆ ಬೆಳಗುವ ಹುಣಸೆ, ನಿಂಬೆ, ವಿನೆಗರ್‌ಗಳೂ ಈ ಕಲ್ಲುಗಳಿಗೆ ಶತ್ರುಗಳೇ. ಇನ್ನೊಂದು ಎಚ್ಚರಿಕೆ ಪ್ರಾಣಕ್ಕೆ ಸಂಬಂಧಿಸಿದ್ದು: ಆಸಿಡ್ ಮತ್ತು ಬ್ಲೀಚಿಂಗ್ ಪುಡಿ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಅದು ತಾಯಂದಿರ, ಮಸೀದಿಯ ಸೇವಕರ ಶ್ವಾಸಕೋಶವನ್ನು ಸುಡಬಲ್ಲದು.

ಮಾಡಬೇಕಾದ ಆರೈಕೆ ಸರಳ. ದಿನವೂ ಮೃದು ಸಾಬೂನಿನ ನೀರಿನಿಂದ ತೊಳೆದು, ಕೊನೆಗೆ ಒಣಬಟ್ಟೆಯಿಂದ ಒರೆಸಬೇಕು. ಬಿಳಿ ಪೊರೆ ಕಟ್ಟುವುದು ನಿಂತು ಆರಿದ ನೀರಿನಿಂದಲೇ. ತಂತಿಯ ಬ್ರಷ್ ಬೇಡ. ಅತ್ತರು, ತಲೆಯೆಣ್ಣೆಯ ಕಲೆಗೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ದಪ್ಪಗೆ ಹಚ್ಚಿ, ರಾತ್ರಿಯಿಡೀ ಮುಚ್ಚಿಟ್ಟು ಬೆಳಗ್ಗೆ ತೊಳೆಯಬಹುದು. ಈದಿನ ಮೆಹಂದಿ ಬಿದ್ದರೆ ಒಣಗುವ ಮೊದಲೇ ತೆಗೆಯಬೇಕು. ಕಲ್ಲಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು ನೋಡಿರಿ. ಅದು ಇಂಗಿ ಕಲ್ಲು ಕಪ್ಪಾದರೆ ಸೀಲರ್ ಲೇಪಿಸುವ ಕಾಲ ಬಂದಿದೆಯೆಂದರ್ಥ. ಹಳೆಯ ಚಿರೇಕಲ್ಲಿನ ಹೌಝಿಗೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಸಿಲುಕಿ ಕಲ್ಲು ಉದುರುತ್ತದೆ. ಸುಣ್ಣದ ಗಾರೆಗೆ ಸುಣ್ಣವೇ ಮದ್ದು. ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕಾರವಾರ, ಅಂಕೋಲಾಗಳಲ್ಲಿ ಪಾಚಿಯನ್ನು ವಾರವಾರವೂ ಉಜ್ಜಿ ತೆಗೆಯದಿದ್ದರೆ ಫಜ್ರ್‌ನ ಕತ್ತಲಲ್ಲಿ ಬರುವ ಹಿರಿಯರು ಜಾರಿ ಬೀಳುವ ಭಯವಿದೆ.

ಮಸೀದಿಯ ಹೌಝಿನ ಪ್ರತಿಯೊಂದು ಕಲ್ಲೂ ವಕ್ಫ್. ಅದನ್ನು ಕೊಟ್ಟವರು ಗೋರಿ ಸೇರಿದ್ದಾರೆ. ಆದರೆ ಆ ಕಲ್ಲಿನ ಬಳಿ ವುಝೂ ಮಾಡುವ ಪ್ರತಿಯೊಬ್ಬನ ನಿಮಿತ್ತ ಅವರಿಗೆ ಸದಕಾ ಜಾರಿಯಾದ ಪುಣ್ಯ ಸಂದಾಯವಾಗುತ್ತಲೇ ಇರುತ್ತದೆಂಬುದು ನಮ್ಮ ನಿರೀಕ್ಷೆ. ಅಜಾಗ್ರತೆಯಿಂದ ಅದನ್ನು ಕರಗಿಸುವುದು ಅಥವಾ ಹೊಸತನದ ಹಂಬಲದಲ್ಲಿ ಕಿತ್ತೆಸೆಯುವುದು ಅಮಾನತ್ತಿಗೆ ತಕ್ಕ ನಡತೆಯಾಗದು. ನಮ್ಮ ದೇಹವನ್ನು ಶುದ್ಧಗೊಳಿಸುವ ಕಲ್ಲನ್ನು ಶುದ್ಧವಾಗಿಡುವ ಹೊಣೆ ನಮ್ಮದು. ಅಲ್ಲಾಹನು ನಮ್ಮ ಅಂತರಂಗವನ್ನೂ ಬಹಿರಂಗವನ್ನೂ ಶುಚಿಗೊಳಿಸಲಿ, ಅಮಾನತ್ತುಗಳನ್ನು ಕಾಪಾಡುವ ಸೌಭಾಗ್ಯವನ್ನು ಅನುಗ್ರಹಿಸಲಿ. ಆಮೀನ್.