ಚಕ್ರದ ಮೇಲಿನ ಸಂಸಾರ

ಸಂಸಾರವನ್ನೇ ಗಾಡಿಗೆ ಹೇರಿಕೊಂಡು ಊರೂರು ಸುತ್ತುವುದು ಯುರೋಪಿನಲ್ಲಿ ಬಹುಕಾಲ ಹೊಟ್ಟೆಪಾಡಿನ ಮಾತಾಗಿತ್ತು. ರೊಮಾನಿಗಳು, ಸರ್ಕಸ್ಸಿನವರು, ಸಂತೆಯಿಂದ ಸಂತೆಗೆ ಹೋಗುವ ವ್ಯಾಪಾರಿಗಳು ಹಾಗೆ ಬದುಕುತ್ತಿದ್ದರು. ಹೊಟ್ಟೆ ತುಂಬಿದವರಿಗೂ ಆ ಹುಚ್ಚು ಹಿಡಿದದ್ದು 19ನೆಯ ಶತಮಾನದ ಕೊನೆಗೆ. ಬ್ರಿಟಿಷ್ ನೌಕಾಪಡೆಯಲ್ಲಿ ವೈದ್ಯನಾಗಿದ್ದು, ಆಮೇಲೆ ಹುಡುಗರಿಗಾಗಿ ಸಾಹಸಕತೆ ಬರೆದು ಹೆಸರಾದ ಗಾರ್ಡನ್ ಸ್ಟೇಬಲ್ಸ್ ಬ್ರಿಸ್ಟಲ್‌ನ ಬಂಡಿ ಕಾರ್ಖಾನೆಯಲ್ಲಿ ತನಗೆಂದೇ ಒಂದು ಮನೆಗಾಡಿ, ಅಂದರೆ ಕ್ಯಾರವಾನ್, ಮಾಡಿಸಿಕೊಂಡ. ಅದರ ಹೆಸರು ‘ವಾಂಡರರ್’. 1885ರಲ್ಲಿ ಅದರಲ್ಲಿ ಇಂಗ್ಲೆಂಡಿನ ಟ್ವೈಫರ್ಡ್‌ನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋದ. ಸುಮಾರು ಎರಡು ಟನ್ ತೂಕದ ಗಾಡಿಯನ್ನು ಎಳೆಯಲು ಎರಡು ಕುದುರೆ, ಹೊಡೆಯಲು ಒಬ್ಬ ಗಾಡಿಕಾರ. ಒಳಗೆ ಒಂದು ನಾಯಿ, ಒಂದು ಗಿಳಿ. ಮೂರು ಚಕ್ರದ ಸೈಕಲ್ ತುಳಿಯುತ್ತ ಮುಂದೆ ಮುಂದೆ ಹೋಗಿ ದಾರಿ ನೋಡಿಬರಲು ಇನ್ನೊಬ್ಬ ಆಳು. ಆ ಕಾಲದ ತಯಾರಿಯೆಂದರೆ ಕುದುರೆಗೆ ಮೇವು, ರಾತ್ರಿಗೊಂದು ಲಾಯ ಹೊಂದಿಸುವುದು. ಉಳಿದದ್ದನ್ನು ಆಳುಗಳು ನೋಡಿಕೊಳ್ಳುತ್ತಿದ್ದರು. 1907ರಲ್ಲಿ ಬ್ರಿಟನ್ನಿನ ಕ್ಯಾರವಾನ್ ಕ್ಲಬ್ ಹುಟ್ಟಿದಾಗಲೂ ಇದು ಉಳ್ಳವರ ಶೋಕಿಯೇ.

ಎಂಜಿನ್ ಬಂದ ಮಾತ್ರಕ್ಕೆ ಈ ಗುಣ ಬದಲಾಗಲಿಲ್ಲ. 1910ರಲ್ಲಿ ಅಮೆರಿಕದ ಪಿಯರ್ಸ್-ಆ್ಯರೋ ಕಂಪನಿ ತೋರಿಸಿದ ಟೂರಿಂಗ್ ಲ್ಯಾಂಡೋ ಕಾರಿನಲ್ಲಿ ಹಿಂದಿನ ಸೀಟು ಹಾಸಿಗೆಯಾಗುತ್ತಿತ್ತು. ಚಾಲಕನ ಸೀಟಿನ ಬೆನ್ನಿನಿಂದ ಕೈತೊಳೆಯುವ ಬೇಸಿನ್ ಬಿಚ್ಚಿಕೊಳ್ಳುತ್ತಿತ್ತು. ಚಾಲಕನ ಜೊತೆ ಮಾತಾಡಲು ಟೆಲಿಫೋನೂ ಇತ್ತು. ಅಷ್ಟು ಹತ್ತಿರ ಕೂತವನನ್ನು ಫೋನಿನಲ್ಲಿ ಕರೆಯುವ ಪ್ರಯಾಣದಲ್ಲಿ ಹಾಲು ಕೇಳಿ ಅಳುವ ಕೂಸಿಗೆ ಜಾಗ ಎಲ್ಲಿಂದ ಬರಬೇಕು! 1915ರಲ್ಲಿ ನ್ಯೂಯಾರ್ಕಿನ ಬಸ್ ಉದ್ಯಮಿ ರೋಲಂಡ್ ಕಾಂಕ್ಲಿನ್ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟದ್ದು ಆ ಮಟ್ಟಿಗೆ ಹೊಸತು. ಅವನ ‘ಜಿಪ್ಸಿ ವ್ಯಾನ್’ ಬಸ್ಸಿನಷ್ಟೇ ದೊಡ್ಡದು. ಒಳಗೆ ಅಡುಗೆಮನೆ, ಮಡಚುವ ಮಂಚಗಳು. ಮೇಲೆ ತಾರಸಿ ತೋಟ. ಸ್ವಂತ ಬಸ್ ಕಂಪನಿ ಇದ್ದವನಿಗೆ ಮಾತ್ರ ಆಗುವ ಕೆಲಸ ಅದು.

ಹೆಂಡತಿ ಮಕ್ಕಳ ಸಲುವಾಗಿ ಗಾಡಿ ಕಟ್ಟುವ ಯೋಚನೆಗೆ ಇನ್ನೂ ಸರಳವಾದ ರೂಪ ಸಿಕ್ಕಿದ್ದು ಜರ್ಮನಿಯ ಇಸ್ನಿ ಎಂಬ ಸಣ್ಣ ಊರಿನಲ್ಲಿ. ಅಲ್ಲಿನ ಆರಿಸ್ಟ್ ಡೆತ್‌ಲೆಫ್ಸ್‌ದು ಚಾಟಿ ಮತ್ತು ಸ್ಕೀ ಕೋಲು ಮಾಡುವ ಮನೆತನದ ಕಸುಬು. ಮಾಲು ಮಾರಲು ವಾರಗಟ್ಟಲೆ ಊರೂರು ತಿರುಗಬೇಕಾಗುತ್ತಿತ್ತು. ಅವನು ಕೈಹಿಡಿಯಲಿದ್ದ ಫ್ರಿಡೆಲ್ ಎಡೆಲ್‌ಮನ್ ಚಿತ್ರಕಲಾವಿದೆ. ಜಿಪ್ಸಿಗಳ ಗಾಡಿಯಂಥದ್ದೊಂದು ಇದ್ದರೆ ಜೊತೆಗೇ ಹೋಗಬಹುದು, ಹೋದಲ್ಲಿ ಚಿತ್ರ ಬರೆಯಲೂಬಹುದು ಎಂಬುದು ಅವಳ ಸಲಹೆ. 1931ರಲ್ಲಿ ಅವನು ತನ್ನ ಕೊಟ್ಟಿಗೆಯಲ್ಲೇ ಅದನ್ನು ಕಟ್ಟಿದ. ‘ವೋನ್‌ಆಟೋ’ ಎಂದು ಕರೆದ, ಅಂದರೆ ವಾಸದ ಮೋಟಾರು. ಹೆಸರು ಹಾಗಿದ್ದರೂ ಅದಕ್ಕೆ ಸ್ವಂತ ಎಂಜಿನ್ ಇರಲಿಲ್ಲ. ಕಾರಿನ ಹಿಂದೆ ಕಟ್ಟಿ ಎಳೆಯಬೇಕಿತ್ತು. ಜರ್ಮನಿಯ ಮೊದಲ ಕ್ಯಾರವಾನ್ ಎಂದು ಹೆಸರಾದದ್ದು ಇದೇ. ನೋಡಿದವರು ತಮಗೂ ಒಂದು ಬೇಕೆಂದರು. ಚಾಟಿಯ ಕಾರ್ಖಾನೆ ಕ್ಯಾರವಾನ್ ಕಾರ್ಖಾನೆಯಾಯಿತು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸಾಮಾನ್ಯರ ಕೈಗೆಟುಕಿದ್ದು ಸಾಮಾನು ಸಾಗಿಸುವ ವ್ಯಾನ್. 1947ರಲ್ಲಿ ಡಚ್ ಕಾರು ವ್ಯಾಪಾರಿ ಬೆನ್ ಪಾನ್ ಪುಸ್ತಕದ ಹಾಳೆಯೊಂದರಲ್ಲಿ ಗೀಚಿದ ಡಬ್ಬಿಯಂಥ ಚಿತ್ರದಿಂದ ಫೋಕ್ಸ್‌ವ್ಯಾಗನ್ ವ್ಯಾನ್ ಹುಟ್ಟಿತು. 1950ರ ಮಾರ್ಚ್‌ನಲ್ಲಿ ತಯಾರಿಕೆ ಶುರುವಾಯಿತು. ಎಂಜಿನ್ ಹಿಂಬದಿಗೆ ಇದ್ದುದರಿಂದ ನಡುವೆ ಸಮತಟ್ಟಾದ ನೆಲ ಸಿಕ್ಕಿತು. 1951ರಲ್ಲಿ ವೆಸ್ಟ್‌ಫಾಲಿಯಾ ಕಂಪನಿ ಆ ನೆಲಕ್ಕೆ ಹೊಂದುವ ‘ಕ್ಯಾಂಪಿಂಗ್ ಬಾಕ್ಸ್’ ಮಾಡಿತು. ವಾರವಿಡೀ ಅಂಗಡಿಯ ಮಾಲು ಸಾಗಿಸಿ, ರಜೆ ಬಂದಾಗ ಪೆಟ್ಟಿಗೆ ಇಳಿಸಿ ಕೂರಿಸಿದರೆ ವ್ಯಾನೇ ಮನೆ. ಹಗಲು ಬೆಂಚು, ರಾತ್ರಿ ಮಂಚ. ಬಾಗಿಲ ಬಳಿ ಒಲೆ, ಕಿಟಕಿಗೆ ಪರದೆ. ಅಪ್ಪ ಅಮ್ಮ ಹಿಂದೆ ಮಲಗಿದರೆ ಚಿಕ್ಕದರ ಗತಿಯೇನು? ಅದಕ್ಕೆ ಬಂದದ್ದು ಕ್ಯಾನ್ವಾಸಿನ ತೂಗುಮಂಚ. ಎರಡು ಕೊಳವೆಗೆ ಪೋಣಿಸಿದ ಬಟ್ಟೆಯನ್ನು ಮುಂದಿನ ಸೀಟುಗಳ ಮೇಲೆ ಅಡ್ಡಲಾಗಿ ಕಟ್ಟಿದರೆ ಮಗು ಸ್ಟೀರಿಂಗ್ ಚಕ್ರದ ಪಕ್ಕದಲ್ಲೇ ನಿದ್ದೆ ಹೋಗುತ್ತಿತ್ತು. ಹಾಸಿಗೆ, ಪಾತ್ರೆ, ಬುತ್ತಿ ಸಮೇತ ಕೊಲ್ಲಾರಿ ಬಂಡಿಯಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಹೊರಡುವ ಉತ್ತರ ಕರ್ನಾಟಕದ ಸಂಸಾರಗಳಿಗೆ ಇದರಲ್ಲಿ ಅಂಥ ಹೊಸತೇನೂ ಕಾಣದು. ಹೊಸತೆಂದರೆ 25 ಅಶ್ವಶಕ್ತಿಯ ಎಂಜಿನ್. ಅದರ ದಮ್ಮು ನೆಚ್ಚಿಕೊಂಡು ಆಲ್ಪ್ಸ್ ಹತ್ತುವವರಿಗೆ ಎತ್ತಿನಷ್ಟೇ ತಾಳ್ಮೆ ಬೇಕಿತ್ತು.

ಇಂಗ್ಲೆಂಡಿನ ಫೋಕ್‌ಸ್ಟನ್ ಬಂದರಿನಲ್ಲಿ ಫ್ರಾನ್ಸ್‌ಗೆ ದಾಟುವ ಹಡಗಿಗಾಗಿ ಕಾಯುತ್ತ ಜನ ಕಾರಿನಲ್ಲೇ ಮುದುಡಿ ಮಲಗುವುದನ್ನು ಕಂಡೇ ಆ ಊರಿನ ಮಾರ್ಟಿನ್ ವಾಲ್ಟರ್ ಕಂಪನಿಗೆ ‘ಡಾರ್ಮೊಬೈಲ್’ ಹೊಳೆಯಿತೆಂದು ಹೇಳುತ್ತಾರೆ. 1773ರಲ್ಲಿ ಕುದುರೆ ಜೀನು ಹೊಲಿಯುತ್ತ ಶುರುವಾದ ಸಂಸ್ಥೆ ಅದು. ಬೆಡ್‌ಫರ್ಡ್ ವ್ಯಾನಿನ ಸೀಟುಗಳು ಮಡಚಿಕೊಂಡು ಹಾಸಿಗೆಯಾಗುವಂತೆ ಮಾಡಿದ್ದು ಮೊದಲ ಹೆಜ್ಜೆ. ಛಾವಣಿಯನ್ನು ಒಂದು ಮಗ್ಗುಲಿಗೆ ಎತ್ತಿ ನಿಲ್ಲಿಸಿ, ಗೀರುಗೀರಿನ ಕ್ಯಾನ್ವಾಸ್ ಬಿಚ್ಚಿ, ಅದರೊಳಗೆ ಎರಡು ಅಟ್ಟದ ಮಂಚ ಕೂರಿಸಿದ್ದು ಎರಡನೆಯದು. ಆ ಅಟ್ಟ ಮಕ್ಕಳ ಪಾಲಾಯಿತು. ಬ್ರಿಟನ್ನಿನ ಒಂದು ತಲೆಮಾರಿಗೆ ಡಾರ್ಮೊಬೈಲ್ ಎಂಬುದೇ ಇಂಥ ಗಾಡಿಗಳೆಲ್ಲದರ ಹೆಸರು.

ಗಾಡಿಯ ಜೊತೆಜೊತೆಗೇ ಕಾಗದಪತ್ರವೂ ಬೆಳೆಯಿತು. ವಿದೇಶ ಪ್ರಯಾಣದ ನಿಜವಾದ ಚರಿತ್ರೆ ಇರುವುದು ಅಲ್ಲಿ. 1949ರ ಜಿನೀವಾ ಒಪ್ಪಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯ ನಮೂನೆಯನ್ನು ಗೊತ್ತುಮಾಡಿತು. 1953ರ ಜನವರಿ 1ರಿಂದ ಯುರೋಪಿನಲ್ಲಿ ‘ಹಸಿರು ಕಾರ್ಡ್’ ಬಂತು. ಒಂದು ದೇಶದಲ್ಲಿ ಮಾಡಿಸಿದ ವಾಹನ ವಿಮೆ ಇನ್ನೊಂದರಲ್ಲಿಯೂ ನಡೆಯುವ ಏರ್ಪಾಟು ಅದು. ಯುರೋಪ್ ದಾಟಿ ಪೂರ್ವಕ್ಕೆ ಬರುವವರಿಗೆ ಇವು ಸಾಲದು, ‘ಕಾರ್ನೆ’ ಬೇಕು. ಇದು ವಾಹನದ ಪಾಸ್‌ಪೋರ್ಟ್ ಇದ್ದಂತೆ. ಪ್ರತಿ ಹಾಳೆಯಲ್ಲೂ ಮೂರು ತುಂಡು. ಒಂದನ್ನು ಒಳಬರುವಾಗ ಸುಂಕದವರು ಹರಿದುಕೊಳ್ಳುತ್ತಾರೆ, ಇನ್ನೊಂದನ್ನು ಹೊರಹೋಗುವಾಗ. ಎರಡು ಮುದ್ರೆಯೂ ಬಿದ್ದ ಬುಡದ ತುಂಡು ಪುಸ್ತಕದಲ್ಲೇ ಉಳಿಯುತ್ತದೆ. ಹೊರಹೋದ ಮುದ್ರೆ ಇಲ್ಲವೆಂದರೆ ಗಾಡಿಯನ್ನು ಒಳಗೇ ಮಾರಿಕೊಂಡರೆಂದು ಲೆಕ್ಕ. ಆಮದು ಸುಂಕ ತೆರಬೇಕು. ಅದಕ್ಕಾಗಿ ವಾಹನದ ಬೆಲೆ ನೋಡಿ ಮೊದಲೇ ಭದ್ರತಾ ಠೇವಣಿ ಇಡಿಸಿಕೊಳ್ಳುತ್ತಾರೆ. ಪುಸ್ತಕದ ಆಯಸ್ಸು ಒಂದು ವರ್ಷ. ಇರಾನ್, ಪಾಕಿಸ್ತಾನ, ಭಾರತ ಇಂದಿಗೂ ಇದನ್ನು ಕೇಳುತ್ತವೆ.

ಭಾರತಕ್ಕೆ ನೆಲದ ಹಾದಿ ತೆರೆದಿದ್ದ ಕಾಲವೊಂದಿತ್ತು. 1957ರ ಏಪ್ರಿಲ್ 15ರಂದು ಲಂಡನ್ ಬಿಟ್ಟ ‘ಇಂಡಿಯಾಮನ್’ ಬಸ್ಸು ಜೂನ್ 5ಕ್ಕೆ ಕಲ್ಕತ್ತೆ ಮುಟ್ಟಿತು. ಅರವತ್ತು, ಎಪ್ಪತ್ತರ ದಶಕಗಳಲ್ಲಿ ಇಸ್ತಾಂಬುಲ್, ತೆಹರಾನ್, ಕಾಬೂಲ್, ಲಾಹೋರ್ ಹಾದು ಬಣ್ಣ ಬಳಿದ ಫೋಕ್ಸ್‌ವ್ಯಾಗನ್‌ಗಳು ಗೋವಾಕ್ಕೂ ಕಠ್ಮಂಡುವಿಗೂ ಬಂದವು. 1979 ಆ ಹಾದಿಯನ್ನು ಮುರಿಯಿತು: ಇರಾನಿನಲ್ಲಿ ಕ್ರಾಂತಿ, ವರ್ಷದ ಕೊನೆಗೆ ಆಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ. ಆಮೇಲೂ ಬಲೂಚಿಸ್ತಾನದ ಮೂಲಕ ಬಂದು ಅಟಾರಿಯಲ್ಲಿ ಗಡಿ ದಾಟಿ, ಚಳಿಗಾಲ ಕಳೆಯಲು ಗೋಕರ್ಣ, ಹಂಪಿಯ ಕಡೆ ಇಳಿಯುವ ಮೋಟರ್‌ಹೋಮ್ ಸಂಸಾರಗಳು ಇದ್ದವು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ಬೆನ್ನಿಗೇ ಭಾರತ ಅಟಾರಿ ಠಾಣೆಯನ್ನು ಮುಚ್ಚಿತು.

ಅಮೆರಿಕದ ಕತೆ ಬೇರೆ. ಅಲ್ಲಿ ಗಡಿಯ ತಂಟೆ ಕಡಿಮೆ, ಜಾಗ ಹೆಚ್ಚು. 1966ರಲ್ಲಿ ಅಯೋವಾದ ವಿನ್ನೆಬಾಗೊ ಕಂಪನಿ ಮೋಟರ್‌ಹೋಮನ್ನು ಕಾರ್ಖಾನೆಯ ಸಾಲಿನಲ್ಲಿ ಜೋಡಿಸಿ ಅಗ್ಗ ಮಾಡಿತು. 1973ರ ತೈಲ ಬಿಕ್ಕಟ್ಟು ಆ ಓಟಕ್ಕೆ ಲಗಾಮು ಹಾಕಿತು.

ಎಪ್ಪತ್ತರ ದಶಕದವರೆಗೆ ಗಾಡಿ ಓಡುವಾಗ ಮಕ್ಕಳು ಹಿಂದಿನ ಹಾಸಿಗೆಯ ಮೇಲೆ ಹೊರಳಾಡುತ್ತಲೋ ಮೇಜಿನ ಸುತ್ತ ಇಸ್ಪೀಟು ಆಡುತ್ತಲೋ ಹೋಗುವುದು ಸಾಮಾನ್ಯವಾಗಿತ್ತು. ಮೋಟರ್‌ಹೋಮಿನ ಸುಖವೆಂದರೆ ಅದೇ ಎಂದು ನಂಬಿದವರೂ ಇದ್ದರು. ಕಾನೂನು ಆ ಸುಖವನ್ನು ನಿಧಾನವಾಗಿ ಕಿತ್ತುಕೊಂಡಿತು, ಕಿತ್ತುಕೊಂಡದ್ದೇ ಸರಿ. ಬ್ರಿಟನ್ನಿನಲ್ಲಿ 1989ರಿಂದ ಹಿಂದಿನ ಸೀಟಿನ ಮಕ್ಕಳಿಗೂ ಬೆಲ್ಟ್ ಕಡ್ಡಾಯವಾಯಿತು. ಜರ್ಮನಿಯಲ್ಲಿ 1993ರ ಏಪ್ರಿಲ್‌ನಿಂದ, 12 ವರ್ಷ ತುಂಬದ ಹಾಗೂ 150 ಸೆಂ.ಮೀ. ಎತ್ತರ ಬೆಳೆಯದ ಮಕ್ಕಳಿಗೆ ತಕ್ಕ ಸೀಟು ಇರಲೇಬೇಕೆಂದಾಯಿತು. ಇದರಿಂದ ಗಾಡಿ ಆರಿಸುವ ಲೆಕ್ಕವೇ ತಿರುಗಿತು. ಆರು ಜನ ಮಲಗಬಹುದಾದ ಗಾಡಿಯಲ್ಲಿ ಬೆಲ್ಟ್ ಇರುವ ಸೀಟು ನಾಲ್ಕೇ ಇರಬಹುದು. ಗೋಡೆಗೆ ಬೆನ್ನು ಮಾಡಿ ಅಡ್ಡಲಾಗಿ ಕೂರುವ ಸೀಟಿಗೆ ಮಗುವಿನ ಕುರ್ಚಿ ಕಟ್ಟಲಾಗದು.

ಎರಡನೆಯ ಲೆಕ್ಕ ತೂಕದ್ದು. ಯುರೋಪಿನ ಸಾಮಾನ್ಯ ಕಾರು ಪರವಾನಗಿಯ ಮಿತಿ 3,500 ಕೆ.ಜಿ. ಬ್ರಿಟನ್ನಿನಲ್ಲಿ 1997ಕ್ಕೂ ಜರ್ಮನಿಯಲ್ಲಿ 1999ಕ್ಕೂ ಮೊದಲು ಪರವಾನಗಿ ಪಡೆದವರು 7,500 ಕೆ.ಜಿ.ಯವರೆಗೆ ಓಡಿಸಬಹುದು, ಎಳೆಯ ಮಕ್ಕಳ ತಂದೆತಾಯಿಗಳಾಗುವ ವಯಸ್ಸಿನ ಬಹುತೇಕರಿಗೆ ಈಗ ಆ ಸವಲತ್ತಿಲ್ಲ. ಗಾಡಿಯದೇ ತೂಕ 3,000 ಕೆ.ಜಿ. ಎಂದುಕೊಂಡರೆ ಉಳಿದದ್ದು 500. ಅದರಲ್ಲಿ 100 ಲೀಟರ್ ನೀರಿಗೆ 100 ಕೆ.ಜಿ. ಹೋಯಿತು. ನಾಲ್ಕು ಜನ, ಎರಡು ಮಕ್ಕಳ ಕುರ್ಚಿ, ಅನಿಲದ ಸಿಲಿಂಡರ್, ಸೈಕಲ್ಲು, ತಳ್ಳುಗಾಡಿ, ಡಯಾಪರ್ ಕಟ್ಟುಗಳು ಸೇರಿದರೆ ಆಟಿಕೆಯ ಪೆಟ್ಟಿಗೆಯನ್ನೂ ತೂಗಿ ಇಡಬೇಕಾಗುತ್ತದೆ. ಮೂರನೆಯ ತಲೆನೋವು ಕೊಳಕು ನೀರಿನದು. ಪಾತ್ರೆ ತೊಳೆದ ನೀರು ಒಂದು ತೊಟ್ಟಿಗೆ, ಶೌಚದ್ದು ಇನ್ನೊಂದಕ್ಕೆ. ಎರಡನ್ನೂ ನಿಗದಿಯಾದ ಜಾಗದಲ್ಲೇ ಸುರಿಯಬೇಕು. ನ್ಯೂಜಿಲೆಂಡ್ 2011ರಲ್ಲಿ, ರಗ್ಬಿ ವಿಶ್ವಕಪ್ಪಿಗೆ ಜನ ಬಂದಿಳಿಯುವ ಮುಂಚೆ, ಬಯಲಲ್ಲಿ ಗಾಡಿ ನಿಲ್ಲಿಸಿ ಮಲಗುವವರ ಬಗ್ಗೆ ಕಾಯಿದೆಯನ್ನೇ ಮಾಡಿತು.

1995ರಲ್ಲಿ ಷೆಂಗೆನ್ ಒಪ್ಪಂದ ಜಾರಿಗೆ ಬಂದು ಒಳಗಡಿಗಳ ತಪಾಸಣೆ ನಿಂತದ್ದು ಯುರೋಪಿನವರಿಗೆ ದೊಡ್ಡ ಬಿಡುಗಡೆ. ಹೊರಗಿನವರಿಗೆ 180 ದಿನಗಳಲ್ಲಿ 90 ದಿನವಷ್ಟೇ ಒಳಗಿರಲು ಅವಕಾಶ. 2021ರಿಂದ ಬ್ರಿಟನ್ನಿನವರೂ ಹೊರಗಿನವರೇ ಆದರು. ವರ್ಷವಿಡೀ ಸುತ್ತುವ ಅವರ ಸಂಸಾರಗಳು ನಡುವೆ ಮೊರಾಕ್ಕೋದಂಥ ಕಡೆ ಹೋಗಿ ದಿನ ತುಂಬಿಸಿಕೊಂಡು ಬರುತ್ತವೆ.

ಎಳೆಯ ಮಕ್ಕಳೊಂದಿಗಿನ ದೀರ್ಘ ಯಾತ್ರೆ ಒಂದು ರೂಢಿಯಾಗಿಯೇ ಬೆಳೆದದ್ದು ಜರ್ಮನಿಯಲ್ಲಿ, ಅದಕ್ಕೆ ಕಾರಣ ರಸ್ತೆಯಲ್ಲ, ರಜೆ. ಅಲ್ಲಿ ಪ್ರತಿ ಮಗುವಿಗೆ ಮೂರು ವರ್ಷದವರೆಗೆ ಪೋಷಕ ರಜೆ ಪಡೆಯಬಹುದು. 2007ರ ಜನವರಿಯಿಂದ ಪೋಷಕ ಭತ್ಯೆಯೂ ಬಂತು: ಸಾಮಾನ್ಯವಾಗಿ ಸಂಬಳದ ಸುಮಾರು ಮೂರನೆಯ ಎರಡು ಭಾಗ, ತಿಂಗಳಿಗೆ ಹೆಚ್ಚೆಂದರೆ 1,800 ಯೂರೋ. ತಂದೆಯೂ ರಜೆ ಹಾಕಿದರೆ ಒಟ್ಟು 14 ತಿಂಗಳು. ಅಪ್ಪ, ಅಮ್ಮ, ಕೂಸು ಒಟ್ಟಿಗೇ ಬಿಡುವಾದ ಆ ತಿಂಗಳುಗಳಲ್ಲಿ ಮೋಟರ್‌ಹೋಮ್ ಬಾಡಿಗೆಗೆ ಹಿಡಿದು ಪೋರ್ಚುಗಲ್‌ಗೋ ನಾರ್ವೆಗೋ ಹೊರಡುವುದು ವಾಡಿಕೆಯಾಯಿತು. 2024ರ ಏಪ್ರಿಲ್ 1ರಿಂದೀಚೆಗೆ ಹುಟ್ಟಿದ ಮಕ್ಕಳ ವಿಷಯದಲ್ಲಿ ಸರ್ಕಾರ ಕೈ ಬಿಗಿ ಮಾಡಿದೆ. ಸಾಮಾನ್ಯವಾಗಿ ಮಗುವಿನ ಮೊದಲ 12 ತಿಂಗಳಲ್ಲಿ ಇಬ್ಬರೂ ಏಕಕಾಲಕ್ಕೆ ಪೂರ್ಣ ಭತ್ಯೆ ಪಡೆಯಬಹುದಾದದ್ದು ಒಂದೇ ತಿಂಗಳು.

ಯಾತ್ರೆಯ ಇನ್ನೊಂದು ತುದಿಯನ್ನು ಗೊತ್ತುಮಾಡುವುದು ಶಾಲೆ. ಜರ್ಮನಿಯಲ್ಲಿ ಶಾಲೆಗೆ ಹೋಗುವುದು ಕಡ್ಡಾಯ. ಮನೆಯಲ್ಲೇ ಕಲಿಸುತ್ತೇವೆ ಎಂಬ ಮಾತು ನಡೆಯುವುದಿಲ್ಲ. ಮಗುವಿಗೆ ಆರು ತುಂಬಿದ ಮೇಲೆ ಶಾಲೆಯ ಮೊದಲ ದಿನ, ಮಿಠಾಯಿ ತುಂಬಿದ ಉದ್ದನೆಯ ಕಾಗದದ ಪೊಟ್ಟಣವನ್ನು ಅದರ ಕೈಗೆ ಕೊಡುವುದು ಅಲ್ಲಿನ ಸಂಪ್ರದಾಯ. ಅಷ್ಟರೊಳಗೆ ಗಾಡಿ ಮನೆಯ ಮುಂದೆ ಬಂದು ನಿಂತಿರಬೇಕು.