ಚಿತ್ರದುರ್ಗ ಸೀಮೆಯ ತೀರ್ಥಕ್ಷೇತ್ರಗಳು

ಮಧ್ಯ ಕರ್ನಾಟಕದ ಮಳೆ ಕಡಿಮೆಯಾದ ಚಿತ್ರದುರ್ಗ ಸೀಮೆಯಲ್ಲಿ ದೈವಸನ್ನಿಧಿ ಮತ್ತು ನೀರಿನ ನೆಲೆ ಬಹುಕಾಲದಿಂದ ಒಂದಕ್ಕೊಂದು ಹೊಂದಿಕೊಂಡೇ ಬೆಳೆದಿವೆ. ಭೀಮಸಮುದ್ರದಂತಹ ದೊಡ್ಡ ಕೆರೆಗಳನ್ನು ನಂಬಿ ಅಡಿಕೆ ತೋಟ ಕಟ್ಟಿದ ಈ ನಾಡಿನ ಕ್ಷೇತ್ರಗಳ ಚರಿತ್ರೆಯನ್ನು ಅವುಗಳ ಕೆರೆ, ಕೊಳ, ಹೊಂಡಗಳಿಂದ ಬೇರ್ಪಡಿಸಿ ಬರೆಯಲಾಗದು.

ಇದಕ್ಕೆ ಅತಿ ಹಳೆಯ ಲಿಖಿತ ಸಾಕ್ಷ್ಯ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿದೆ. ಅಲ್ಲಿನ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲಿರುವ, ಕದಂಬ ವಂಶದ ಸ್ಥಾಪಕ ಮಯೂರಶರ್ಮನ 4ನೇ ಶತಮಾನದ ಪ್ರಾಕೃತ ಶಾಸನವು ಕೆರೆಯ ನಿರ್ಮಾಣವನ್ನು ಹೇಳುತ್ತದೆ. ಮುಂದೆ ಚಿತ್ರದುರ್ಗವನ್ನು ಆಳಿದ ನಾಯಕರ ಕಾಲದ ಕೋಟೆಯೊಳಗೂ ಹಿಡಿಂಬೇಶ್ವರ, ಸಿದ್ದೇಶ್ವರ, ಏಕನಾಥೇಶ್ವರಿ ಮೊದಲಾದ ಗುಡಿಗಳಿರುವ ಬೆಟ್ಟದಲ್ಲೇ ಮಳೆನೀರನ್ನು ಹಿಡಿದಿಡುವ ಹೊಂಡಗಳನ್ನು ಕಟ್ಟಿ, ಗೋಪಾಲಸ್ವಾಮಿ ಹೊಂಡದಲ್ಲಿ ತುಂಬಿ ಹೆಚ್ಚಾದ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುವಂತೆ ಮಾಡಲಾಗಿತ್ತು.

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದಲ್ಲಿ ನೀರೇ ದೇವರ ಮಾತಾಗುತ್ತದೆ. ಹರಕೆ ಹೊತ್ತ ಭಕ್ತರು ಗಂಗೆಯ ಕೊಳದ ಬಳಿ ಕಾದಿರಲು, ಅರ್ಚಕರು ಗಂಗೆಯನ್ನು ಪ್ರಾರ್ಥಿಸಿದಾಗ ಹೂ, ಹಣ್ಣು, ಬಳೆ ಮುಂತಾದ ಯಾವುದಾದರೂ ವಸ್ತು ನೀರಿನಲ್ಲಿ ತೇಲಿಬಂದರೆ ಅದನ್ನು ಗಂಗಾಪ್ರಸಾದವೆಂದು ಸ್ವೀಕರಿಸಿ, ತಮ್ಮ ಬೇಡಿಕೆ ಈಡೇರುವ ಸೂಚನೆಯೆಂದು ನಂಬುತ್ತಾರೆ. ಪುರಾಣಪ್ರಸಿದ್ಧ ಕ್ಷೇತ್ರಗಳಲ್ಲೂ ಅಪರೂಪವಾದ ಈ ಆಚರಣೆ ಈ ಸೀಮೆಯ ಶ್ರದ್ಧೆಯ ತಿರುಳನ್ನೇ ತೋರುತ್ತದೆ. ಹಿರಿಯೂರಿನ ತೇರುಮಲ್ಲೇಶ್ವರನಾದರೋ ವೇದಾವತಿ ಹರಿಯುವ ಊರಿನ ದೇವರು. ಆತನ ರಥೋತ್ಸವ ಮಾಘಮಾಸದಲ್ಲಿ ನಡೆಯುತ್ತದೆ.

ಪಂಚಗಣಾಧೀಶ್ವರರೆಂಬ ಐವರು ಸಂತರಲ್ಲಿ ಒಬ್ಬರೆಂದು ಪೂಜಿತರಾದ ತಿಪ್ಪೇರುದ್ರಸ್ವಾಮಿಗಳ ನೆಲೆ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ. ಅವರ ಮಹಿಮೆ ಪವಾಡಗಳಿಗಿಂತ ಮಿಗಿಲಾಗಿ ಅವರು ಕಟ್ಟಿಸಿದ ಕೆರೆಗಳಲ್ಲಿದೆ. ಕೆರೆಯ ಕೆಲಸಕ್ಕೆ ಬಂದವರಿಗೆ ಅವರವರ ದುಡಿಮೆಗೆ ತಕ್ಕಷ್ಟೇ ಕೂಲಿ ಸಿಗುತ್ತಿತ್ತೆಂಬ ಐತಿಹ್ಯವೂ, ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಅವರ ಮಾತೂ ಕಾಯಕವನ್ನೇ ಪೂಜೆಯಾಗಿ ಕಂಡ ಶರಣ ಪರಂಪರೆಯ ಮುಂದುವರಿಕೆಯಾಗಿವೆ. ಒಳಮಠ, ಹೊರಮಠ ಎಂಬ ಎರಡು ನೆಲೆಗಳ ಈ ಕ್ಷೇತ್ರದಲ್ಲಿ ಫಾಲ್ಗುಣದ ಜಾತ್ರೆಗೆ ಸೇರುವ ಭಕ್ತರು ಒಣಕೊಬ್ಬರಿ ಸುಟ್ಟು ಹರಕೆ ತೀರಿಸುತ್ತಾರೆ. ತೇರಿನ ಧ್ವಜವಾದ ಮುಕ್ತಿಬಾವುಟವನ್ನು ಹರಾಜಿನಲ್ಲಿ ಪಡೆಯುವುದು ಪುಣ್ಯವೆನಿಸಿದೆ.

ಆಧುನಿಕ ಕಾಲದಲ್ಲೂ ದೈವ ಮತ್ತು ನೀರಿನ ಈ ನಂಟು ಕಡಿದಿಲ್ಲ. ಹಿರಿಯೂರಿನ ಬಳಿ ಕಣಿವೆಮಾರಮ್ಮನ ಸನ್ನಿಧಿಯಿರುವ ಮಾರಿಕಣಿವೆಯಲ್ಲಿ ಮೈಸೂರು ಸಂಸ್ಥಾನವು ವೇದಾವತಿಗೆ ಅಡ್ಡಲಾಗಿ ಕಟ್ಟಿಸಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರವು 1933ರ ಬಳಿಕ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಅಷ್ಟು ವರ್ಷಗಳ ಬರಗಾಲಗಳಲ್ಲೂ ಸುತ್ತಲಿನ ರೈತರು ಕಣಿವೆಮಾರಮ್ಮನಿಗೆ ನಡೆದುಕೊಳ್ಳುವುದನ್ನು ಬಿಡಲಿಲ್ಲ.